ಒಮ್ಮೊಮ್ಮೆ ಕೈಕೊಡುವ ಪಿಸ್ತೂಲು

ಮುಂಬಯಿ ಮತ್ತು ಪಿಸ್ತೂಲು ಎಂಬ ಎರಡು ಶಬ್ದ ಒಟ್ಟಿಗೆ ಕೇಳಿದರೆ ನಮ್ಮ ಊರಿನವರ ಕಣ್ಣ ಮುಂದೆ ಬರುವುದು ಹಿಂದಿ ಸಿನೆಮಾ. ಕಪ್ಪು ಕನ್ನಡಕ, ಡಾಕ್ ಯಾರ್ಡು, ರಾತ್ರಿ, ಓಡುವ ಕಾರು. ನಾನು ಹೇಳಹೊರಟಿರುವ ಪಿಸ್ತೂಲು ಅಂಥದ್ದಲ್ಲ. ಅದು ಯಾರನ್ನೂ ಹೆದರಿಸಿದ್ದಲ್ಲ. ಇಪ್ಪತ್ತೈದು ಮೀಟರ್ ದೂರದ ಕಾಗದದ ಗುರಿಗೆ ತೂತು ಮಾಡುವುದಷ್ಟೇ ಅದರ ಕೆಲಸ. ಆ ಕೆಲಸವನ್ನೂ ಅದು ಒಮ್ಮೆ ಮಾಡುತ್ತಿತ್ತು, ಒಮ್ಮೆ ಮಾಡುತ್ತಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ನಾನು ಪುತ್ತೂರು ಕಡೆಯವ. ನಮ್ಮಲ್ಲಿ ಕೋವಿ ಹೊಸ ವಿಷಯ ಅಲ್ಲ. ಅಡಕೆ ತೋಟ ಇದ್ದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಇರುತ್ತಿತ್ತು, ಈಗಲೂ ಇದೆ. ಮಂಗ, ಹಂದಿ ಬಂದರೆ ಒಂದು ಈಡು ಹಾರಿಸಿ ಓಡಿಸುವುದು. ಚುನಾವಣೆ ಬಂದರೆ ಠಾಣೆಗೆ ಹೊತ್ತುಕೊಂಡು ಹೋಗಿ ಒಪ್ಪಿಸುವುದು. ಮುಗಿದ ಮೇಲೆ ರಸೀದಿ ತೋರಿಸಿ ವಾಪಸು ತರುವುದು. ನಮ್ಮ ಅಪ್ಪ ಆಟಿ ತಿಂಗಳಲ್ಲಿ ಎರಡು ದಿನಕ್ಕೊಮ್ಮೆ ನಳಿಗೆಗೆ ಎಣ್ಣೆ ಬಟ್ಟೆ ಹಾಕಿ ಉಜ್ಜುತ್ತಿದ್ದರು. ಅಷ್ಟು ಉಜ್ಜಿದರೂ ಮಳೆಗಾಲ ಮುಗಿಯುವಾಗ ಎಲ್ಲಾದರೂ ಒಂದು ಕಡೆ ಕೆಂಪು ಚುಕ್ಕೆ ಕಾಣಿಸಿಕೊಳ್ಳುತ್ತಿತ್ತು. "ಕಬ್ಬಿಣಕ್ಕೆ ಮಳೆ ಗೊತ್ತಾಗ್ತದೆ" ಅನ್ನುತ್ತಿದ್ದರು.

1979ರಲ್ಲಿ ನಾನು ಮುಂಬಯಿಗೆ ಬಂದೆ. ಆಗ ಕೊಂಕಣ ರೈಲು ಇರಲಿಲ್ಲ, ಅದು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಬಸ್ಸಿನಲ್ಲಿ ಬಂದು ಮಾಟುಂಗಾದಲ್ಲಿ ಸೋದರಮಾವನ ಹೋಟೆಲಿನ ಅಟ್ಟದಲ್ಲಿ ಚಾಪೆ ಹಾಸಿದವ ನಾನು. ಹಗಲು ಹೋಟೆಲು, ರಾತ್ರಿ ಶಾಲೆ, ಆಮೇಲೆ ಐಟಿಐ, ಆಮೇಲೆ ಠಾಣೆ ಕಡೆಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಫಿಟರ್. ಇದು ನನ್ನ ವಾರಗೆಯ ನೂರಾರು ಜನರ ಕತೆ, ಅದರಲ್ಲಿ ವಿಶೇಷ ಏನೂ ಇಲ್ಲ. ಟೂಲ್ ರೂಮಿನ ನಮ್ಮ ಸಾಹೇಬರೊಬ್ಬರಿಗೆ ಗುರಿ ಹೊಡೆಯುವ ಹವ್ಯಾಸ ಇತ್ತು. ಅವರ ಬೆನ್ನಿಗೆ ಉಪನಗರದ ಒಂದು ರೈಫಲ್ ಕ್ಲಬ್ಬಿಗೆ ಹೋದವ ನಾನು ಅಲ್ಲಿಯೇ ಉಳಿದೆ. ನನ್ನ ಗುರಿ ಅಷ್ಟಕ್ಕಷ್ಟೆ. ಆದರೆ ಯಂತ್ರದ ಸದ್ದು ಕೇಳಿ ಎಲ್ಲಿ ತಕರಾರು ಅಂತ ಹೇಳುವ ಕಿವಿ ಇತ್ತು. ಹಾಗಾಗಿ ಕ್ಲಬ್ಬಿನಲ್ಲಿ ನನಗೆ ಒಂದು ಮೂಲೆ, ಒಂದು ಮೇಜು ಸಿಕ್ಕಿತು.

ಮುಂಬಯಿಯಲ್ಲಿ ಗುರಿಕಾರಿಕೆ ಎಂದರೆ ಎಲ್ಲರ ಬಾಯಿಗೂ ಮೊದಲು ಬರುವುದು ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಶನ್. 2000ದ ಸಿಡ್ನಿ ಒಲಿಂಪಿಕ್ಸಿನ ಫೈನಲಿಗೆ ಹೋದ ಅಂಜಲಿ ಭಾಗವತ್ ಅಲ್ಲಿ ಕಲಿತವರು. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಫೈನಲ್ ತಲುಪಿದ ಸುಮಾ ಶಿರೂರು ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದವರು ಎಂಬುದು ಇಲ್ಲಿನ ಕನ್ನಡಿಗರಿಗೆ ಹೆಮ್ಮೆಯ ಮಾತು. ಅವರು ಪನವೇಲಿನಲ್ಲಿ ತರಬೇತಿ ಕೇಂದ್ರ ನಡೆಸುತ್ತಾರೆ. 2021ರಲ್ಲಿ ಟೋಕಿಯೋ ಪ್ಯಾರಾಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಅವನಿ ಲೇಖರಾ ಅವರ ಶಿಷ್ಯೆ. ಇವರೆಲ್ಲ ಏರ್ ರೈಫಲಿನವರು. ಪಿಸ್ತೂಲಿನ ಕಡೆ ಕೊಲ್ಹಾಪುರದ ರಾಹಿ ಸರ್ನೋಬತ್ 2013ರಲ್ಲಿ ಕೊರಿಯಾದ ಚಾಂಗ್ವಾನಿನಲ್ಲಿ ವಿಶ್ವಕಪ್ ಚಿನ್ನ ಗೆದ್ದರು. ಅದು 25 ಮೀಟರ್ ಪಿಸ್ತೂಲಿನ ಸ್ಪರ್ಧೆ. ಆ ಮೇಲೆ ನಮ್ಮ ಚಿಕ್ಕ ಕ್ಲಬ್ಬಿಗೂ "ನಂಗೂ ಪಿಸ್ತೂಲು ಕಲಿಸಿ" ಅಂತ ಹುಡುಗಿಯರು ಬರತೊಡಗಿದರು.

ಅವರಲ್ಲಿ ಒಬ್ಬಳು ಡೊಂಬಿವಲಿಯ ಹುಡುಗಿ. ಅವಳಪ್ಪ ಕುಂದಾಪುರ ಕಡೆಯವರು, ಅಂಧೇರಿಯ ಎಂಐಡಿಸಿಯಲ್ಲಿ ಒಂದು ಕ್ಯಾಂಟೀನು ನಡೆಸುತ್ತಿದ್ದರು. 2014ರಲ್ಲಿ ಅವಳಿಗೆ ಹದಿನೇಳು ವರ್ಷ. ಹುಡುಗಿ ನನ್ನನ್ನು "ಅಂಕಲ್" ಅಂದರೆ ಅಪ್ಪ ಪಕ್ಕದಿಂದ "ಮಾಮ ಅನ್ ಮಗಾ, ನಮ್ಮೂರ್ ಬದಿಯರ್" ಅನ್ನುತ್ತಿದ್ದರು. ಅವಳು ಒಮ್ಮೆ ಮಾಮ ಅಂದು, ಮತ್ತೆ ಅಂಕಲಿಗೇ ಹೋಗುತ್ತಿದ್ದಳು. ಕೈ ಮಾತ್ರ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಅಂಥ ಕೈ ನಾನು ಕಂಡದ್ದು ಕಡಿಮೆ.

ಅವಳಿಗೆ ಸಿಕ್ಕಿದ್ದು ಕ್ಲಬ್ಬಿನ ಹಳೆಯ ಪಾಯಿಂಟ್ ಟೂ ಟೂ ಪಿಸ್ತೂಲು. ಯುರೋಪಿನ ಒಂದು ಕಂಪೆನಿಯದ್ದು, ನನಗಿಂತ ಸ್ವಲ್ಪ ಚಿಕ್ಕ ಪ್ರಾಯದ್ದು. ಹೊಸದು ಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ವಿದೇಶಿ ಬಂದೂಕುಗಳನ್ನು ಜನಸಾಮಾನ್ಯರು ತರಿಸಿಕೊಳ್ಳುವುದಕ್ಕೆ 1980ರ ದಶಕದಲ್ಲೇ ತಡೆ ಬಿತ್ತು. ಹೆಸರು ಮಾಡಿದ ಕ್ರೀಡಾಪಟುಗಳಿಗೆ, ಸಂಘಗಳಿಗೆ ಮಾತ್ರ ದಾರಿ ಇದೆ. ತರಿಸಿದರೂ ಲಕ್ಷದ ಲೆಕ್ಕ. ಅದಲ್ಲದೆ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ 21 ತುಂಬದವರಿಗೆ ಸಾಮಾನ್ಯ ಲೈಸೆನ್ಸ್ ಸಿಗುವುದಿಲ್ಲ. ಕ್ಯಾಂಟೀನಿನವರ ಮಗಳಿಗೆ ಉಳಿಯುವುದು ಕ್ಲಬ್ಬಿನ ಕಪಾಟಿನಲ್ಲಿ ಏನಿದೆಯೋ ಅದು.

ಈಗ ಆ ಸ್ಪರ್ಧೆಯ ಕ್ರಮ ಸ್ವಲ್ಪ ಹೇಳಬೇಕು. ಅರುವತ್ತು ಗುಂಡು. ಮೊದಲ ಮೂವತ್ತು ನಿಧಾನದ್ದು. ಎರಡನೆಯ ಮೂವತ್ತರಲ್ಲಿ ಗುರಿ ಮೂರು ಸೆಕೆಂಡು ಮಾತ್ರ ಹೊಡೆಯಲು ಸಿಗುತ್ತದೆ, ಆಮೇಲೆ ಏಳು ಸೆಕೆಂಡು ಇಲ್ಲ. ಕೈ ಕೆಳಗೆ ಇಳಿಸಿ ಕಾಯಬೇಕು, ಮೂರು ಸೆಕೆಂಡಿನೊಳಗೆ ಎತ್ತಿ ಒಂದೇ ಗುಂಡು ಹೊಡೆಯಬೇಕು. ಹೀಗೆ ಐದು ಸಲ, ಅಂಥ ಆರು ಸುತ್ತು. ಮಧ್ಯದಲ್ಲಿ ಪಿಸ್ತೂಲು ಕೈಕೊಟ್ಟರೆ ಅದನ್ನು ತಟ್ಟುವ ಹಾಗಿಲ್ಲ, ತೆರೆಯುವ ಹಾಗಿಲ್ಲ. ನಳಿಗೆ ಗುರಿಯ ಕಡೆಗೇ ಇಟ್ಟು ಇನ್ನೊಂದು ಕೈ ಎತ್ತಿ ನಿಲ್ಲಬೇಕು. ಅಧಿಕಾರಿ ಬಂದು ನೋಡಿ, ಇದು ಪಿಸ್ತೂಲಿನ ದೋಷ ಎಂದರೆ ಮಾತ್ರ ಮತ್ತೆ ಹೊಡೆಯಲು ಅವಕಾಶ. ಆ ಅವಕಾಶವೂ ಲೆಕ್ಕದ್ದೇ. ಹತ್ತು ಸಲ ಕೈ ಎತ್ತಿದರೆ ಯಾರೂ ಕೇಳುವುದಿಲ್ಲ.

ಹುಡುಗಿ ಅಭ್ಯಾಸದಲ್ಲಿ ಸುತ್ತಿಗೊಮ್ಮೆ ಕೈ ಎತ್ತುತ್ತಿದ್ದಳು. ರಾಜ್ಯ ಮಟ್ಟದ ಸ್ಪರ್ಧೆಗೆ ಮೂರು ತಿಂಗಳಿತ್ತು.

ಅವಳಪ್ಪ ಒಂದು ಭಾನುವಾರ ನನ್ನ ಮೇಜಿನ ಹತ್ತಿರ ಬಂದು ನಿಂತರು. "ಅಲ್ಲ ಮರಾಯ್ರೆ, ಪೂರ್ತಿ ಹಾಳಾಯ್ರೆ ಬಿಟ್ ಬಿಡ್ಲಕ್. ಇದ್ ಹತ್ ಸಲ ಸರಿ ಇರತ್ತ್, ಹನ್ನೊಂದನೇದಕ್ಕೆ ಕೈ ಕೊಡತ್ತ್. ಹೊಸ್ತ್ ತಕಂಬುಕೆ ನಮ್ ಹತ್ರ ದುಡ್ಡ್ ಎಲ್ಲಿತ್ತ್?" ಅಂದರು.

ಅವರು ಹೇಳಿದ ಮಾತು ಟೂಲ್ ರೂಮಿನವರಿಗೆಲ್ಲ ಗೊತ್ತು. ನಿಂತುಹೋದ ಮೆಷಿನು ಸುಲಭ. ಒಮ್ಮೊಮ್ಮೆ ನಿಲ್ಲುವ ಮೆಷಿನು ಕಷ್ಟ. ಯಾಕೆಂದರೆ ಒಮ್ಮೊಮ್ಮೆ ಬರುವ ತೊಂದರೆಗೆ ಸಾಮಾನ್ಯವಾಗಿ ಕಾರಣ ಒಂದೇ ಇರುವುದಿಲ್ಲ, ನಾಲ್ಕಾರು ಸಣ್ಣ ಕಾರಣಗಳು ಸೇರಿರುತ್ತವೆ. ಪಾಯಿಂಟ್ ಟೂ ಟೂ ಪಿಸ್ತೂಲಿನಲ್ಲಂತೂ ಹಾಗೆಯೇ. ಆ ತೋಟೆ 1887ರಿಂದ ಚಾಲ್ತಿಯಲ್ಲಿದೆ. ಗುಂಡಿನ ತೂಕ ಎರಡೂವರೆ ಗ್ರಾಮಿಗೆ ಸ್ವಲ್ಪ ಜಾಸ್ತಿ. ಹಾರಿದಾಗ ಹಿಂದಕ್ಕೆ ತಳ್ಳುವ ಬಲ ಕಡಿಮೆ. ಅಷ್ಟು ಸಣ್ಣ ಬಲದಲ್ಲೇ ಬೋಲ್ಟು ಹಿಂದೆ ಹೋಗಬೇಕು, ಖಾಲಿ ತೋಟೆಯನ್ನು ಎಳೆದು ಬಿಸಾಡಬೇಕು, ಸ್ಪ್ರಿಂಗನ್ನು ಅದುಮಬೇಕು, ಮುಂದೆ ಬರುವಾಗ ಹೊಸ ತೋಟೆಯನ್ನು ಒಳಗೆ ನೂಕಬೇಕು. ಎಲ್ಲಿಯಾದರೂ ಒಂದಿಷ್ಟು ಜಿಡ್ಡು, ಒಂದಿಷ್ಟು ತುಕ್ಕು ಆ ಬಲದಲ್ಲಿ ಪಾಲು ತೆಗೆದುಕೊಂಡರೆ ಉಳಿದ ಕೆಲಸಕ್ಕೆ ಸಾಲುವುದಿಲ್ಲ. ನಮ್ಮ ಸಂಬಳದ ಹಾಗೆ ಅನ್ನಿ. ಬಾಡಿಗೆ ಇನ್ನೂರು ಏರಿದರೆ ತಿಂಗಳ ಕೊನೆಗೆ ಹಾಲು ನಿಲ್ಲುತ್ತದೆ. ಹಾಲಿನವನ ದೋಷ ಅಲ್ಲ ಅದು.

ನಾನು ಮೊದಲು ಕೇಳಿದ್ದು ಒಂದು ನೂರು ಪುಟದ ನೋಟ್ ಬುಕ್ಕು. ಪಿಸ್ತೂಲಿಗೆ ಮೂರು ಮ್ಯಾಗಝಿನ್ ಇದ್ದವು, ಬಣ್ಣದಲ್ಲಿ 1, 2, 3 ಅಂತ ಬರೆದೆವು. ನೂರು ಗುಂಡು ಹೊಡೆಸಿದೆವು, ಏನನ್ನೂ ಸರಿಮಾಡದೆ. ಹುಡುಗಿ ಹೊಡೆಯುವುದು, ಅವಳಪ್ಪ ಬರೆಯುವುದು. ಕ್ಯಾಂಟೀನಿನ ಉದ್ರಿ ಲೆಕ್ಕ ಬರೆದ ಕೈ, ಒಂದೂ ಬಿಡಲಿಲ್ಲ. ಹದಿನಾಲ್ಕು ಸಲ ಕೈಕೊಟ್ಟಿತು. ಆರು ಸಲ ಹೊಸ ತೋಟೆ ಒಳಗೆ ಹೋಗದೆ ಸಿಕ್ಕಿಬಿತ್ತು. ಐದು ಸಲ ಟ್ರಿಗರ್ ಎಳೆದರೂ ಸಿಡಿಯಲಿಲ್ಲ. ಮೂರು ಸಲ ಖಾಲಿ ತೋಟೆ ಹೊರಗೆ ಬರಲಿಲ್ಲ. ಅಷ್ಟರವರೆಗೆ ಎಲ್ಲರ ಬಾಯಲ್ಲಿ "ಪಿಸ್ತೂಲು ಸರಿ ಇಲ್ಲ" ಎಂಬ ಒಂದೇ ದೂರು ಇತ್ತು. ಸಂಜೆಗೆ ಅದು ಮೂರು ದೂರುಗಳಾಯಿತು. ಸಿಕ್ಕಿಬಿದ್ದ ಆರರಲ್ಲಿ ಐದು ಎರಡನೇ ನಂಬರಿನ ಮ್ಯಾಗಝಿನಿನವು ಎಂಬುದೂ ಗೊತ್ತಾಯಿತು.

ಇನ್ನು ಒಂದು ಮಾತು. ಪಿಸ್ತೂಲು ಬಿಚ್ಚಿ ಶುಚಿ ಮಾಡುವುದು ಕ್ಲಬ್ಬಿನ ಆರ್ಮರರ್ ಎದುರಿಗೆ ನಾನು ಮಾಡಬಹುದು. ಲೋಹಕ್ಕೆ ಅರ ಹಚ್ಚುವುದು, ಭಾಗ ಬದಲಿಸುವುದು ಕಾನೂನಿನ ಪ್ರಕಾರ ಲೈಸೆನ್ಸ್ ಇರುವ ಮೇಸ್ತ್ರಿಯ ಕೆಲಸ. ಅಂಥವರೊಬ್ಬರು ಫೋರ್ಟ್ ಭಾಗದ ಹಳೆಯ ಬಂದೂಕಿನಂಗಡಿಯಲ್ಲಿದ್ದರು. ಎಪ್ಪತ್ತು ದಾಟಿದವರು, ಎಲ್ಲರಿಗೂ ಚಾಚಾ. ಆರ್ಮರರ್ ಕಾಗದಪತ್ರ ಹಿಡಿದುಕೊಂಡು ಪಿಸ್ತೂಲನ್ನು ಅಲ್ಲಿಗೆ ಒಯ್ಯುವಾಗ ನೋಟ್ ಬುಕ್ಕಿನ ಜೊತೆ ನಾನೂ ಹೋದೆ. ಚಾಚಾ ನೋಟ್ ಬುಕ್ಕು ನೋಡಿ ಕನ್ನಡಕ ಹಣೆಗೇರಿಸಿದರು. "ಪಹಲೇ ಸಾಫ್ ಕರೋ ಫಿಟರ್ ಸಾಬ್, ಬಾದ್ ಮೇ ಮೇರೇ ಪಾಸ್ ಲಾವ್" ಅಂತ ಕಟಿಂಗ್ ಚಾ ಕುಡಿಸಿ ವಾಪಸು ಕಳಿಸಿದರು. ಮೊದಲು ತೊಳೆದು ಬಾ, ಆಮೇಲೆ ಮಾತು ಅಂತ ಅರ್ಥ. ದುಡ್ಡು ಮಾಡುವ ಯೋಚನೆ ಇದ್ದಿದ್ದರೆ ಅಂದೇ ನಾಲ್ಕು ಭಾಗ ಬದಲಿಸಬೇಕೆಂದು ಪಟ್ಟಿ ಕೊಡಬಹುದಿತ್ತು.

ತೊಳೆದದ್ದು ಮೂರು ಭಾನುವಾರ. ಈ ತೋಟೆಯ ಸೀಸದ ಗುಂಡಿಗೆ ಮೇಣದ ಲೇಪ ಇರುತ್ತದೆ. ವರ್ಷಗಟ್ಟಲೆ ಅದೂ ಮಸಿಯೂ ಸೀಸದ ಹುಡಿಯೂ ಸೇರಿ ಚೇಂಬರಿನೊಳಗೆ ಬಳೆಯ ಹಾಗೆ ಗಟ್ಟಿ ಕೂತಿತ್ತು. ಬೋಲ್ಟಿನೊಳಗೆ ಯಾರೋ ಪುಣ್ಯಾತ್ಮರು ಮಳೆಗಾಲಕ್ಕೆ ಭದ್ರ ಇರಲಿ ಅಂತ ದಪ್ಪ ಗ್ರೀಸ್ ತುಂಬಿದ್ದರು. ಅದು ಒಣಗಿ ಹಲಸಿನ ಮೇಣದಂತಾಗಿತ್ತು. ಫೈರಿಂಗ್ ಪಿನ್ ಆ ಅಂಟಿನೊಳಗೆ ಈಜಿಕೊಂಡು ಹೋಗಿ ತೋಟೆಯ ಅಂಚಿಗೆ ಬಡಿಯಬೇಕಿತ್ತು. ಸಿಡಿಯದ ಐದು ತೋಟೆಗಳನ್ನು ನಾವು ಡಬ್ಬಿಯಲ್ಲಿ ತೆಗೆದಿಟ್ಟಿದ್ದೆವು. ಭೂತಗನ್ನಡಿಯಲ್ಲಿ ನೋಡಿದರೆ ನಾಲ್ಕರಲ್ಲಿ ಪೆಟ್ಟಿನ ಗುರುತು ಉಗುರು ಗೀರಿದಷ್ಟೇ. ಒಂದರಲ್ಲಿ ಮಾತ್ರ ಆಳವಾಗಿತ್ತು. ಪೆಟ್ಟು ಆಳವಾಗಿ ಬಿದ್ದೂ ಸಿಡಿಯಲಿಲ್ಲ ಎಂದರೆ ದೋಷ ತೋಟೆಯದ್ದು. ಈ ಜಾತಿಯ ತೋಟೆಯಲ್ಲಿ ಸಿಡಿಮದ್ದು ಅಂಚಿನ ಸುತ್ತ ಒಳಗಿನಿಂದ ಹರಡಿರುತ್ತದೆ, ಎಲ್ಲೋ ಒಂದೆಡೆ ಮದ್ದು ತಲುಪದೆ ಉಳಿಯುವುದುಂಟು. ಪೆಟ್ಟು ಮೇಲೆ ಮೇಲೆ ಬಿದ್ದಿದ್ದರೆ ದೋಷ ಪಿಸ್ತೂಲಿನದ್ದು.

ಶುಚಿ ಮಾಡಿ ತೆಳು ಎಣ್ಣೆಯ ನಾಲ್ಕು ಹನಿ ಹಾಕಿ ಮತ್ತೆ ನೂರು ಗುಂಡು ಹೊಡೆಸಿದೆವು. ಹದಿನಾಲ್ಕು ಏಳಕ್ಕೆ ಇಳಿಯಿತು. ಎರಡನೇ ಮ್ಯಾಗಝಿನನ್ನು ಬದಿಗಿಟ್ಟು ಮತ್ತೆ ನೂರು. ಮೂರಾಯಿತು. ಆಮೇಲೆ ಚಾಚಾ ಹತ್ತಿರ ಹೋದದ್ದು. ಅವರು ಆ ಮ್ಯಾಗಝಿನಿನ ತುಟಿಗಳನ್ನು ಬೆಳಕಿಗೆ ಹಿಡಿದರು. ಒಂದು ಬದಿ ಕೂದಲೆಳೆಯಷ್ಟು ಅಗಲವಾಗಿತ್ತು, ಅದರಿಂದ ತೋಟೆ ಮೂಗು ತಗ್ಗಿಸಿ ಮೇಲೇರುತ್ತಿತ್ತು. ಚೇಂಬರಿನ ಬಾಯಿಯಲ್ಲಿ ಒಂದು ಸಣ್ಣ ಉಬ್ಬು ಬೆರಳಿಗೆ ಸಿಕ್ಕಿತು. ತೋಟೆ ಇಲ್ಲದೆ ಖಾಲಿ ಟ್ರಿಗರ್ ಎಳೆದಾಗೆಲ್ಲ ಪಿನ್ನು ಅಲ್ಲಿಗೆ ಬಡಿದು ಎದ್ದ ಉಬ್ಬು ಅದು. ಖಾಲಿ ತೋಟೆ ಒಳಗೇ ಹಿಡಿದುಕೊಳ್ಳುತ್ತಿದ್ದದ್ದು ಆ ಉಬ್ಬಿಗೆ. ಚಾಚಾ ಅದನ್ನು ಅರೆದು ತೆಗೆಯಲಿಲ್ಲ. ಅರೆದರೆ ಲೋಹ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಒಂದು ನಯವಾದ ಸಲಾಕೆಯಿಂದ ಒತ್ತಿ ಒತ್ತಿ ಉಬ್ಬನ್ನು ಅದರ ಜಾಗಕ್ಕೇ ಕಳಿಸಿದರು. ಪಿನ್ನಿನ ಸ್ಪ್ರಿಂಗ್ ಸೋತಿತ್ತು. ನಾಗದೇವಿ ಸ್ಟ್ರೀಟಿನಿಂದ ತಂತಿ ತರಿಸಿ ಹಳೆಯದರ ಅಳತೆಗೇ ಸುತ್ತಿದರು. ಹೆಚ್ಚು ಬಲದ್ದು ಹಾಕಬಹುದಲ್ಲ ಅಂದದ್ದಕ್ಕೆ ಬೇಡ ಅಂದರು. ಪೆಟ್ಟು ಜೋರಾದರೆ ಉಬ್ಬು ಮತ್ತೆ ಏಳುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ನೂರು ಗುಂಡು, ಆಮೇಲೆ ನೋಟ್ ಬುಕ್ಕು. ಹೀಗೆ ಮಾಡಿದ್ದಕ್ಕೆ ಹುಡುಗಿ ಸಿಡುಕಿದ್ದೂ ಇದೆ. "ಎಲ್ಲಾ ಒಟ್ಟಿಗೆ ಮಾಡಿಬಿಡಿ ಅಂಕಲ್, ಟೈಮ್ ಇಲ್ಲ." ಒಟ್ಟಿಗೆ ಮಾಡಿದರೆ ಸರಿಯಾಗುತ್ತದೆ ಮಗಾ, ಆದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ, ಆರು ತಿಂಗಳ ಮೇಲೆ ಮತ್ತೆ ಕೈಕೊಟ್ಟರೆ ಮೊದಲಿನಿಂದ ಶುರು ಮಾಡಬೇಕು ಅಂದೆ.

ಇದನ್ನು ಹೇಳುವಾಗ ನನಗೆ ನನ್ನ ಹೆಂಡತಿಯ ನೆನಪು ಬರುತ್ತಿತ್ತು. 2009ರಲ್ಲಿ ನಮ್ಮ ಕಾರ್ಖಾನೆ ಮುಚ್ಚಿತು. ಐವತ್ತು ತುಂಬುವ ಮೊದಲೇ ನಾನು ಮನೆಯಲ್ಲಿ. ರಾತ್ರಿ ನಿದ್ದೆ ಇಲ್ಲ, ಅನ್ನ ಸೇರುವುದಿಲ್ಲ, ಮಗ ಮರಾಠಿಯಲ್ಲಿ ಉತ್ತರ ಕೊಟ್ಟರೆ ಸಿಟ್ಟು. ಊರು ಬಿಟ್ಟವರ ಹತ್ತಿರ ಇಂಥ ಎಲ್ಲದಕ್ಕೂ ಸಿದ್ಧ ಉತ್ತರ ಒಂದಿರುತ್ತದೆ. ಊರು ಬಿಟ್ಟದ್ದೇ ಕಾರಣ. ತೋಟ ನೋಡಿಕೊಂಡು ಅಲ್ಲೇ ಇದ್ದಿದ್ದರೆ ಇದೊಂದೂ ಇರುತ್ತಿರಲಿಲ್ಲ. ಮಾಟುಂಗಾದಲ್ಲಿ ನಾಲ್ಕು ಜನ ನಮ್ಮವರು ಸೇರಿದರೆ ಈ ಮಾತು ಬರದೆ ಕಾಫಿ ಮುಗಿಯುವುದಿಲ್ಲ. ಹೆಂಡತಿ ಒಂದು ದಿನ ಅಂದಳು, "ನೀವು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ನಿದ್ದೆ ಬಾರದ್ದು ಮೂವತ್ತು ವರ್ಷ ಶಿಫ್ಟ್ ಮಾಡಿದ್ದರಿಂದ. ಅನ್ನ ಸೇರದ್ದು ಆ ಮಾತ್ರೆಯಿಂದ, ಡಾಕ್ಟರಿಗೆ ಹೇಳಿ. ಮಗ ಮರಾಠಿ ಮಾತಾಡುವುದು ಅವನ ಸ್ನೇಹಿತರು ಮರಾಠಿಯವರು ಅಂತ. ಇದರಲ್ಲಿ ಊರು ಎಲ್ಲಿ ಬಂತು?" ಅವಳು ಟೂಲ್ ರೂಮು ಕಂಡವಳಲ್ಲ. ಮಾತ್ರೆ ಬದಲಾಯಿತು, ಅನ್ನ ಸೇರಿತು. ನಿದ್ದೆಗೆ ಒಂದು ವರ್ಷ ಹಿಡಿಯಿತು. ಮಗ ಈಗಲೂ ಮರಾಠಿಯಲ್ಲೇ ಜಗಳಾಡುತ್ತಾನೆ, ಅಜ್ಜಿಯ ಹತ್ತಿರ ಮಾತ್ರ ಕನ್ನಡ. ಊರು ನೆನಪಾಗುವುದು ತಪ್ಪಲಿಲ್ಲ. ಆದರೆ ಉಳಿದದ್ದನ್ನೆಲ್ಲ ತೆಗೆದ ಮೇಲೆ ಆ ನೆನಪು ಎಷ್ಟಿದೆಯೋ ಅಷ್ಟೇ ಉಳಿಯಿತು. ಅದನ್ನು ಹೊರಬಹುದು.

ಪಿಸ್ತೂಲಿನ ಕತೆಗೆ ಬರುತ್ತೇನೆ. ಎರಡು ತಿಂಗಳ ಕೊನೆಗೆ ಮುನ್ನೂರು ಗುಂಡು ಹೊಡೆಸಿದೆವು. ಒಂದೇ ಒಂದು ಸಿಡಿಯಲಿಲ್ಲ. ಭೂತಗನ್ನಡಿ ಹಿಡಿದೆವು, ಪೆಟ್ಟು ಆಳವಾಗಿತ್ತು, ತೋಟೆಯದ್ದೇ ದೋಷ. ಅವಳಪ್ಪ ನೋಟ್ ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದರು.

ಆದರೆ ಹುಡುಗಿಯ ಅಂಕ ಏರಲಿಲ್ಲ. ಅದು ನನಗೆ ಹೊಸ ಪಾಠ. ಮೂರು ಸೆಕೆಂಡಿನ ಸುತ್ತಿನಲ್ಲಿ ಟ್ರಿಗರ್ ಎಳೆಯುವ ಹೊತ್ತಿಗೆ ಅವಳ ಮಣಿಕಟ್ಟು ಒಂದು ಕ್ಷಣ ಬಿಗಿಯಾಗುತ್ತಿತ್ತು. ಸಿಡಿಯುತ್ತದೋ ಇಲ್ಲವೋ, ಮುಂದಿನದು ಬರುತ್ತದೋ ಇಲ್ಲವೋ ಎಂದು ಕೈ ಕಾಯುತ್ತಿತ್ತು. ಪಿಸ್ತೂಲು ಸರಿಯಾದದ್ದು ಅವಳ ತಲೆಗೆ ಗೊತ್ತು, ಕೈಗೆ ಗೊತ್ತಿರಲಿಲ್ಲ. ಕೈಗೆ ಹೇಳುವುದಕ್ಕೆ ಬೇರೆ ಉಪಾಯ ಇಲ್ಲ, ಮತ್ತೆ ಮತ್ತೆ ಹೊಡೆಯಬೇಕು. ತೋಟೆ ದುಬಾರಿ. ಕ್ಲಬ್ಬಿನಲ್ಲಿ ನಾವು ನಾಲ್ಕೈದು ಜನ ನಮ್ಮ ಪಾಲಿನ ತೋಟೆಗಳನ್ನು ಅಭ್ಯಾಸಕ್ಕೆಂದು ಅವಳ ಲೆಕ್ಕಕ್ಕೆ ಬರೆಸಿದೆವು. ಅವಳಪ್ಪ ಬೇಡ ಬೇಡ ಅಂದರು, ಆಮೇಲೆ ಪ್ರತಿ ಭಾನುವಾರ ಎರಡು ಡಬ್ಬಾ ಅವಲಕ್ಕಿ ಉಪ್ಕರಿ ತರತೊಡಗಿದರು.

ರಾಜ್ಯ ಸ್ಪರ್ಧೆಯಲ್ಲಿ ಅವಳು ಒಮ್ಮೆಯೂ ಕೈ ಎತ್ತಲಿಲ್ಲ. ಅರುವತ್ತಕ್ಕೆ ಅರುವತ್ತೂ ಸಿಡಿದವು. ಮುಂದಿನ ಹಂತಕ್ಕೆ ಬೇಕಿದ್ದ ಅಂಕಕ್ಕೆ ನಾಲ್ಕು ಕಡಿಮೆ ಬಿತ್ತು. ಅಪ್ಪನ ಮುಖ ಸಣ್ಣದಾಯಿತು. ಹುಡುಗಿ ಮಾತ್ರ ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ನನ್ನ ಹತ್ತಿರ ಬಂದು, "ಈಗ ತಪ್ಪಿದ್ರೆ ನಂದೇ ತಪ್ಪಲ್ವಾ ಅಂಕಲ್, ಅದೇ ಒಳ್ಳೇದು. ಏನು ಸರಿ ಮಾಡ್ಬೇಕು ಅಂತ ಗೊತ್ತಾಗತ್ತೆ" ಅಂದಳು. ಮರುವರ್ಷ ಅದೇ ಪಿಸ್ತೂಲಿನಲ್ಲಿ ಆ ಹಂತ ದಾಟಿದಳು. ಈಗ ಅವಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ದೊಡ್ಡ ಹೆಸರೇನೂ ಮಾಡಲಿಲ್ಲ, ಶನಿವಾರ ಮಕ್ಕಳಿಗೆ ಪಿಸ್ತೂಲು ಹಿಡಿಯಲು ಕಲಿಸುತ್ತಾಳೆ. ಯಾರದ್ದಾದರೂ ಕೈಕೊಟ್ಟರೆ ಮೊದಲು ನೋಟ್ ಬುಕ್ಕು ಕೇಳುತ್ತಾಳಂತೆ.

ಚಾಚಾ ಈಗ ಇಲ್ಲ. ಅವರ ಕೆಲಸ ಅವರ ಅಳಿಯ ಮಾಡುತ್ತಾನೆ, ಅವನೂ ಮೊದಲು ತೊಳೆದು ತನ್ನಿ ಅನ್ನುತ್ತಾನೆ. ಪಿಸ್ತೂಲು ಕ್ಲಬ್ಬಿನ ಕಪಾಟಿನಲ್ಲಿದೆ, ಪಕ್ಕದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ. ನೋಟ್ ಬುಕ್ಕು ಈಗ ನಾಲ್ಕನೆಯದು. ಕಳೆದ ಮಳೆಗಾಲದಿಂದ ಮೂರನೇ ನಂಬರಿನ ಮ್ಯಾಗಝಿನು ಸ್ವಲ್ಪ ತಕರಾರು ಮಾಡುತ್ತಿದೆ. ನೂರಕ್ಕೆ ಎರಡು. ಮುಂದಿನ ಭಾನುವಾರ ಅದರ ಸ್ಪ್ರಿಂಗು ನೋಡಬೇಕು, ಸ್ಪ್ರಿಂಗು ಮಾತ್ರ. ತುಟಿ ನೋಡುವುದು ಅದರ ಮುಂದಿನ ಭಾನುವಾರ.